ಹೊರಡುವ ಮುನ್ನ ಇಷ್ಟು ಓದು

ಮಗೂ,

ಕೆಲಸಕ್ಕೆ ಕೆಲವು ತಿಂಗಳು ರಜೆ ಹಾಕಿ ದೂರದ ಹಾದಿಯೊಂದನ್ನು ಕಾಲ್ನಡಿಗೆಯಲ್ಲೇ ಮುಗಿಸಬೇಕೆಂದಿದ್ದೇನೆ, ಅದಕ್ಕೆ ಮೊದಲು ಏನೇನು ಓದಿಕೊಳ್ಳಲಿ ದೊಡ್ಡಮ್ಮ ಎಂದು ಕೇಳಿದ್ದೀಯ. ಯಾವ ಶೂ ಒಳ್ಳೆಯದು, ಯಾವ ಬ್ಯಾಗು ಹಗುರ ಎಂದು ಹೇಳುವವರು ನಿನ್ನ ಸುತ್ತ ಬೇಕಾದಷ್ಟು ಜನ ಇದ್ದಾರೆ. ನೀನು ನನ್ನನ್ನು ಪುಸ್ತಕ ಕೇಳಿದೆಯಲ್ಲ, ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ. ಸಾವಕಾಶವಾಗಿ ಕೂತು ಓದು.

ಮೊದಲು ಒಂದು ಅಳತೆಗೋಲು ಕೊಡುತ್ತೇನೆ. ನಡಿಗೆಯ ಬಗ್ಗೆ ಬರೆದ ಪುಸ್ತಕಗಳಲ್ಲಿ ಎರಡು ಜಾತಿ. ಒಂದರಲ್ಲಿ ಪುಟ ತಿರುವಿದಂತೆಲ್ಲ ನಡೆಯುವವರು ದೊಡ್ಡವರಾಗುತ್ತಾ ಹೋಗುತ್ತಾರೆ: ಎಷ್ಟು ಎತ್ತರ ಹತ್ತಿದರು, ಎಷ್ಟು ಬೇಗ ಮುಗಿಸಿದರು, ಎಷ್ಟು ಕಷ್ಟಪಟ್ಟರು. ಇನ್ನೊಂದರಲ್ಲಿ ದಾರಿ ದೊಡ್ಡದಾಗುತ್ತಾ ಹೋಗುತ್ತದೆ: ಅಲ್ಲಿನ ಜನ, ಮರ, ಕಲ್ಲು, ಮಳೆ, ಹಳೆಯ ಜಗಳ, ಹಳೆಯ ಉಪಕಾರ. ಈ ಎರಡನೆಯ ಜಾತಿಯವನ್ನೇ ಆರಿಸಿಕೋ. ಅಂಥವನ್ನು ಓದಿಕೊಂಡು ಹೋದವರಿಗೆ ಹಾದಿಯಲ್ಲಿ ಕಾಣುವುದು ಹೆಚ್ಚು. ಮುಂದೆ ನಾನು ಹೇಳುವ ಪುಸ್ತಕಗಳನ್ನೆಲ್ಲ ಈ ಕೋಲಿನಿಂದಲೇ ಅಳೆದಿದ್ದೇನೆ. ಅಳತೆಗೆ ಪೂರ್ತಿ ನಿಲ್ಲದವೂ ಕೆಲವಿವೆ. ಅವನ್ನು ಏಕೆ ಓದಬೇಕೆಂದೂ ಹೇಳುತ್ತೇನೆ.

ಮನೆಯ ಹತ್ತಿರದಿಂದ ಶುರುಮಾಡು. ನೀನು ಕುಮಾರಪರ್ವತ ಹತ್ತಿದ್ದೀಯ. 1,712 ಮೀಟರ್ ಎತ್ತರ, ಗಿರಿಗದ್ದೆಯವರೆಗಿನ ಏರು, ಶೇಷಪರ್ವತದ ಗಾಳಿ ಎಲ್ಲ ನಿನಗೆ ಗೊತ್ತು. 2024ರ ಜನವರಿಯಲ್ಲಿ ಆ ಹಾದಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀನೇ ನನಗೆ ತೋರಿಸಿದ್ದೆ. ಅದಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬೇಕೆಂಬ ಕಟ್ಟಳೆ ಬಂತು. ಅಲ್ಲಿಗೆ ಹೋಗುವವರೆಲ್ಲ ಓದಲೇಬೇಕಾದ ಪುಸ್ತಕ ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರಲ್ಲಿ ಬಂದ ಆ ಕಾದಂಬರಿಯ ಕತೆ ನಡೆಯುವುದು ಅದೇ ಬೆಟ್ಟದ ಬುಡದಲ್ಲಿ. ಕತ್ತಲಾಗುವ ಹೊತ್ತಿಗೆ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯ ಎಂಬ ಹಿರಿಯರ ಮನೆ ಸೇರುತ್ತಾನೆ. ಮನೆ ಬಿಟ್ಟುಹೋದ ಮಗನ ಕೊರಗನ್ನು ಎದೆಯಲ್ಲಿಟ್ಟುಕೊಂಡೇ ಆ ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯ ಮತ್ತು ಶಂಕರಮ್ಮ ಗುರುತು ಪರಿಚಯವಿಲ್ಲದ ಅವನನ್ನು ಮನೆಯವನಂತೆ ಇಟ್ಟುಕೊಳ್ಳುತ್ತಾರೆ. ಶಿಖರ ಮುಟ್ಟುವುದು ಆ ಕತೆಯಲ್ಲಿ ದೊಡ್ಡ ಸಂಗತಿಯೇ ಅಲ್ಲ. ಆದರೂ ಓದಿ ಮುಗಿಸಿದ ಮೇಲೆ ಕುಮಾರಪರ್ವತದ ಬುಡದ ಒಂದೊಂದು ತೋಟದ ಹಿಂದೆಯೂ ಎಷ್ಟು ಬೆವರು, ಎಷ್ಟು ಒಂಟಿತನ ಇದ್ದೀತೆಂದು ಹತ್ತುವಾಗ ನೆನಪಾಗದೆ ಇರುವುದಿಲ್ಲ. ಇನ್ನೊಮ್ಮೆ ಅಲ್ಲಿಗೆ ಹೋಗುವೆಯಾದರೆ ಇದನ್ನು ಓದಿಯೇ ಹೋಗು.

ಎರಡನೆಯದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967). ದಪ್ಪ ಪುಸ್ತಕ ಎಂದು ಹಿಂಜರಿಯಬೇಡ; ಅದನ್ನು ನಡಿಗೆಯ ಪುಸ್ತಕ ಎಂದುಕೊಂಡು ಓದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ ಎಲ್ಲರೂ ನಡೆಯುತ್ತಾರೆ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಸಿಂಬಾವಿಯಿಂದ ಲಕ್ಕುಂದದ ಕಡೆಗೆ ಹೊರಡುವಲ್ಲಿಂದ ಹಿಡಿದು ಇಡೀ ಕಾದಂಬರಿ ಕಾಲುದಾರಿಗಳ ಮೇಲೆಯೇ ಬೆಳೆಯುತ್ತದೆ. ಯಾವ ಏರಿನಲ್ಲಿ ಎಷ್ಟು ಹೊತ್ತಾಗುತ್ತದೆ, ಮಳೆ ಹಿಡಿದರೆ ಯಾವ ಹಳ್ಳ ದಾಟಲಾಗುವುದಿಲ್ಲ, ಯಾರ ಮನೆಯ ಮುಂದೆ ಯಾರು ಎಷ್ಟು ದೂರ ನಿಲ್ಲಬೇಕು ಎಲ್ಲವೂ ಅದರಲ್ಲಿದೆ. ಕೊನೆಯದನ್ನು ವಿಶೇಷವಾಗಿ ಗಮನಿಸು. ಹೆಗ್ಗಡೆಗಳು ನಡೆಯುವ ಹಾದಿಯಲ್ಲೇ ಅವರ ಜೀತದಾಳು ಗುತ್ತಿಯೂ ನಡೆಯುತ್ತಾನೆ, ಆದರೆ ಇಬ್ಬರಿಗೂ ಆ ಹಾದಿ ಒಂದೇ ಅಲ್ಲ. ನೀನು ಬಿಡುವಿಗಾಗಿ, ಸಂತೋಷಕ್ಕಾಗಿ ನಡೆಯುತ್ತೀಯ. ಅದೇ ಕಾಡುದಾರಿಯಲ್ಲಿ ಹಸಿವಿಗೆ, ದುಡಿಮೆಗೆ, ತಪ್ಪಿಸಿಕೊಳ್ಳುವುದಕ್ಕೆ ನಡೆದವರು ನಿನಗಿಂತ ಎಷ್ಟೋ ಹೆಚ್ಚು. ಇದು ಮನಸ್ಸಿನಲ್ಲಿದ್ದರೆ ಹಾದಿಯಲ್ಲಿ ಎದುರಾಗುವ ಸೌದೆ ಹೊರೆಯ ಹೆಂಗಸಿಗೆ ಪಕ್ಕಕ್ಕೆ ಸರಿದು ಮೊದಲು ದಾರಿ ಬಿಡುವುದು ತಾನಾಗಿ ಬರುತ್ತದೆ.

ಮೂರನೆಯದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1976ರಲ್ಲಿ ಬಂತು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡುಗಳಲ್ಲಿ ಗಿಡ ನೋಡುತ್ತಾ ಅಲೆದ ಕತೆ. ಹುಡುಗರ ತಮಾಷೆ, ಗಿಡದ ಗುಣ, ಅದರ ಊಟ-ಔಷಧದ ಬಳಕೆ, ಹಳೆಯ ಕಾವ್ಯದಲ್ಲಿ ಅದರ ಮಾತು ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಇದನ್ನು ಓದಿದ ಮೇಲೆ ಒಂದು ಅಭ್ಯಾಸ ಮಾಡಿಕೋ: ಪ್ರತಿ ನಡಿಗೆಯಲ್ಲೂ ಹೊಸದಾಗಿ ಐದು ಗಿಡಮರಗಳನ್ನು ಗುರುತಿಸಲು ಕಲಿ. ಹೊನ್ನೆ, ಮತ್ತಿ, ನಂದಿ, ಬೈನೆ, ರಂಜಲ ಎಂದು ಹೆಸರು ಹಿಡಿದು ಕರೆಯಲು ಬಂದಾಗ 'ಕಾಡು' ಎಂಬ ಒಂದು ಹಸಿರು ಗೋಡೆ ಹೋಗಿ ಅಲ್ಲಿ ನೂರು ಪರಿಚಯಸ್ಥರು ನಿಲ್ಲುತ್ತಾರೆ. ಜೊತೆಗೆ ತೇಜಸ್ವಿಯವರ 'ಪರಿಸರದ ಕತೆ'ಯನ್ನೂ ಇಟ್ಟುಕೋ. ಇಬ್ಬರೂ ಕಾಡನ್ನು ಪೂಜೆಗೂ ಇಡುವುದಿಲ್ಲ, ಹೆದರಿಕೆಗೂ ಇಡುವುದಿಲ್ಲ, ನೋಡುವುದನ್ನು ಕಲಿಸುತ್ತಾರೆ.

ಈಗ ಘಟ್ಟ ಬಿಟ್ಟು ದೂರದ ಹಾದಿಗೆ ಬರೋಣ. ನಮ್ಮ ದೇಶದಲ್ಲಿ ದೂರ ನಡೆಯುವುದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಯುಗಾದಿಯ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ ಸೇರುವವರನ್ನು ನೀನೂ ಕಂಡಿದ್ದೀಯ. ಅವರ ಕಾಲಿಗೆ ಎಣ್ಣೆ ಹಚ್ಚಿ, ಮಜ್ಜಿಗೆ ಕೊಟ್ಟು, ಮಲಗಲು ಶಾಲೆಯ ಜಗಲಿ ಬಿಟ್ಟುಕೊಡುವ ಊರುಗಳೂ ಹಾದಿಯುದ್ದಕ್ಕೂ ಇವೆ. ಈ ಬಗೆಯ ನಡಿಗೆಯನ್ನು ಅರಿಯಲು ಮೂರು ಬರಹ ಓದು.

ಮೊದಲನೆಯದು ಇರಾವತಿ ಕರ್ವೆಯವರ 'ವಾಟಚಾಲ'. 'ಯುಗಾಂತ' ಬರೆದ ಅದೇ ಇರಾವತಿ. ಮರಾಠಿಯ ಈ ಲೇಖನ 1962ರಲ್ಲಿ ಇಂಗ್ಲಿಷಿನಲ್ಲೂ ಬಂತು. ಆಷಾಢದಲ್ಲಿ ವಾರಕರಿಗಳ ಜೊತೆ ಪಂಢರಪುರಕ್ಕೆ ನಡೆದ ಅನುಭವ ಅದು. ಮಾನವಶಾಸ್ತ್ರದ ವಿದ್ವಾಂಸೆ ಪುಸ್ತಕ ಪೆನ್ನು ಹಿಡಿದು ಪಕ್ಕದಲ್ಲಿ ನಿಂತು ನೋಡಬಹುದಿತ್ತು. ಅವರು ಸಾಲಿನೊಳಗೆ ಸೇರಿ ನಡೆದರು. ಹಾಡುವಾಗ ಒಂದಾಗುವ ಜನ ಉಣ್ಣುವಾಗ ಜಾತಿಜಾತಿಯಾಗಿ ಬೇರೆ ಕೂರುವುದನ್ನು ಕಂಡು ನೊಂದರು, ಅದನ್ನು ಮುಚ್ಚಿಡದೆ ಬರೆದರು. ಭಕ್ತಿಯನ್ನು ಹತ್ತಿರದಿಂದ ಪ್ರೀತಿಸುತ್ತಲೇ ಅದರೊಳಗಿನ ಬಿರುಕನ್ನೂ ತೋರಿಸಿದ ಬರಹ. ಮೆಚ್ಚಿದ್ದನ್ನು ಹೇಗೆ ಪ್ರಾಮಾಣಿಕವಾಗಿ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಎರಡನೆಯದು ಅಮೃತಲಾಲ್ ವೇಗಡ್ ಅವರ 'ಸೌಂದರ್ಯ ಕೀ ನದೀ ನರ್ಮದಾ'. ನಿನಗೆ ಹಿಂದಿ ಬರುತ್ತದಲ್ಲ, ಸುಲಭವಾಗಿ ಓದಬಹುದು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್ ಅವರ ಬಳಿ ಕಲಿತ ಈ ಕಲಾವಿದರು ಜಬಲ್ಪುರದಲ್ಲಿದ್ದರು. 1977ರಲ್ಲಿ, ವಯಸ್ಸು ಐವತ್ತರ ಹತ್ತಿರ ಬಂದಾಗ, ನರ್ಮದೆಯ ಪರಿಕ್ರಮ ಶುರುಮಾಡಿದರು. ಆ ನದಿಯ ಉದ್ದ 1,312 ಕಿಲೋಮೀಟರ್; ಪರಿಕ್ರಮ ಎಂದರೆ ಒಂದು ದಡದಲ್ಲಿ ಹೋಗಿ ಇನ್ನೊಂದು ದಡದಲ್ಲಿ ಬರುವುದು. ಅವರು ಅದನ್ನು ತುಂಡು ತುಂಡಾಗಿ, ಬಿಡುವು ಸಿಕ್ಕಾಗಲೆಲ್ಲ, ವರ್ಷಗಟ್ಟಲೆ ನಡೆದರು. ಒಂದೇ ಸಲಕ್ಕೆ ಮುಗಿಸಬೇಕೆಂಬ ನಿನ್ನ ಹಟಕ್ಕೆ ಇದು ಉತ್ತರವಾದೀತು: ನಡಿಗೆಯನ್ನು ಬದುಕಿನ ಉದ್ದಕ್ಕೂ ಹರಡಿಕೊಳ್ಳಬಹುದು. ಅವರು ನಡೆದ ಎಷ್ಟೋ ದಡ ಇಂದು ಅಣೆಕಟ್ಟುಗಳ ಹಿನ್ನೀರಿನಡಿ ಸೇರಿದೆ. ಶರಾವತಿಯ ಮುಳುಗಡೆಯ ಊರುಗಳ ಮಾತು ಕೇಳಿ ಬೆಳೆದ ನಿನಗೆ ಅದರ ಬೆಲೆ ಬೇರೆಯಾಗಿ ಹೇಳಬೇಕಿಲ್ಲ.

ಮೂರನೆಯದು ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ಚಿರತೆಯ ಕತೆ. ತೇಜಸ್ವಿ ಅದನ್ನು 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಎಂದು ಕನ್ನಡಕ್ಕೆ ತಂದಿದ್ದಾರೆ. 1918ರಿಂದ 1926ರವರೆಗೆ 125 ಜನರನ್ನು ಕೊಂದಿತೆಂದು ಸರ್ಕಾರಿ ಲೆಕ್ಕ ಹೇಳುವ ಆ ಚಿರತೆ ಓಡಾಡಿಕೊಂಡಿದ್ದದ್ದು ಕೇದಾರ, ಬದರಿಗಳಿಗೆ ಜನ ಬರಿಗಾಲಿನಲ್ಲಿ ನಡೆಯುತ್ತಿದ್ದ ಹಾದಿಯ ಮಗ್ಗುಲಲ್ಲೇ. ಎಲ್ಲರೂ ಬೇಟೆಗಾಗಿ ಇದನ್ನು ಓದುತ್ತಾರೆ. ನೀನು ಹಾದಿಗಾಗಿ ಓದು. ಬೇಟೆಗೆ ಮೊದಲು ಕಾರ್ಬೆಟ್ ಓದುಗರನ್ನೇ ಯಾತ್ರಿಕರನ್ನಾಗಿ ಮಾಡಿಕೊಂಡು ಹರಿದ್ವಾರದಿಂದ ಮೇಲಕ್ಕೆ ನಡೆಸುತ್ತಾರೆ. ಬಿಸಿಲಿಗೆ ಕಾದ ಕಲ್ಲು, ಹುಲ್ಲಿನ ಚಟ್ಟಿಗಳಲ್ಲಿ ರಾತ್ರಿಯ ತಂಗು, ಬಾಗಿಲಿಲ್ಲದ ಕಡೆ ನೂರಾರು ಜನ ಒತ್ತೊತ್ತಾಗಿ ಮಲಗುವ ಭಯ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಈಗ ಬಸ್ಸು ಹೋಗುವ ಆ ಕಣಿವೆಯಲ್ಲಿ ನೂರು ವರ್ಷದ ಹಿಂದೆ ನಡೆಯುವುದೆಂದರೆ ಏನಾಗಿತ್ತೆಂದು ತಿಳಿಯುತ್ತದೆ.

ನಿನ್ನ ಅಮ್ಮ ಕೇಳುವ ಪ್ರಶ್ನೆ ನನಗೂ ಗೊತ್ತು. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೇಗೆ? ಅದಕ್ಕೆ ಮೂವರು ಹೆಂಗಸರ ಪುಸ್ತಕ ಹೇಳುತ್ತೇನೆ. ಅಮ್ಮನಿಗೂ ಓದಿ ಹೇಳು.

ಅಮೆರಿಕದ ಎಮ್ಮಾ ಗೇಟ್‌ವುಡ್ ಹನ್ನೊಂದು ಮಕ್ಕಳ ತಾಯಿ. ಗಂಡನ ಹೊಡೆತ ತಿಂದು ವರ್ಷಗಟ್ಟಲೆ ಬಾಳಿದವಳು. 1955ರಲ್ಲಿ, 67ನೆಯ ವಯಸ್ಸಿನಲ್ಲಿ, ಅಪಲೇಚಿಯನ್ ಟ್ರೇಲ್ ಎಂಬ ಸುಮಾರು 3,500 ಕಿಲೋಮೀಟರಿನ ಕಾಡುಹಾದಿಯನ್ನು ಒಂದೇ ಸಲಕ್ಕೆ, ಒಬ್ಬಳೇ ನಡೆದು ಮುಗಿಸಿದಳು. ಹಾಗೆ ಮುಗಿಸಿದ ಮೊದಲ ಹೆಂಗಸು ಅವಳೇ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಿಂದ ಹೊಲಿದ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಹಿಂದಿನ ವರ್ಷ ಪ್ರಯತ್ನಿಸಿ, ದಾರಿ ತಪ್ಪಿ, ಮನೆಗೆ ಮರಳಿದ್ದಳು. ಬೆನ್ ಮಾಂಟ್ಗೊಮರಿ 2014ರಲ್ಲಿ ಬರೆದ 'ಗ್ರ್ಯಾಂಡ್ಮಾ ಗೇಟ್‌ವುಡ್ಸ್ ವಾಕ್' ಅವಳ ಕತೆ. ಸಲಕರಣೆಯ ಅಂಗಡಿಗೆ ಹೋಗುವ ಮೊದಲು ಅದನ್ನು ಓದಿದರೆ ನಿನ್ನ ದುಡ್ಡು ಉಳಿಯುತ್ತದೆ. ಒಂದು ವಿಷಯದಲ್ಲಿ ಮಾತ್ರ ಅವಳನ್ನು ಅನುಸರಿಸಬೇಡ: ಎಲ್ಲಿಗೆ, ಎಷ್ಟು ದೂರ ಎಂದು ಅವಳು ಮಕ್ಕಳಿಗೂ ಹೇಳಿರಲಿಲ್ಲ. ನೀನು ಪ್ರತಿ ದಿನದ ತಂಗು ಎಲ್ಲೆಂದು ಬರೆದು ಮನೆಯಲ್ಲಿಟ್ಟು ಹೋಗು.

ಆಸ್ಟ್ರೇಲಿಯಾದ ರಾಬಿನ್ ಡೇವಿಡ್‌ಸನ್ 1977ರಲ್ಲಿ ನಾಲ್ಕು ಒಂಟೆ ಮತ್ತು ಒಂದು ನಾಯಿಯ ಜೊತೆ ಆ ದೇಶದ ನಡುಮಧ್ಯದ ಆಲಿಸ್ ಸ್ಪ್ರಿಂಗ್ಸ್‌ನಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 2,700 ಕಿಲೋಮೀಟರ್ ಮರುಭೂಮಿ ನಡೆದರು. 'ಟ್ರ್ಯಾಕ್ಸ್' (1980) ಎಂಬ ಅವರ ಪುಸ್ತಕದಲ್ಲಿ ನನಗೆ ಹೆಚ್ಚು ಹಿಡಿಸುವುದು ಹೊರಡುವ ಮೊದಲಿನ ಭಾಗ. ಒಂಟೆಗಳನ್ನು ಪಳಗಿಸಲು, ಅವಕ್ಕೆ ಮದ್ದು ಮಾಡಲು, ಹೊರೆಯ ಜೀನು ಹೊಲಿಯಲು ಅವರು ಆ ಊರಿನಲ್ಲಿ ಎರಡು ವರ್ಷದಷ್ಟು ಕಾಲ ದುಡಿದು ಕಲಿತರು. ಧೈರ್ಯ ಎಂದು ಜನ ಹೊಗಳುವುದರ ಒಳಗೆ ಇಷ್ಟು ಕಲಿಕೆ ಇರುತ್ತದೆ. ದಾರಿಯಲ್ಲಿ ಆ ನೆಲದ ಮೂಲನಿವಾಸಿ ಹಿರಿಯರೊಬ್ಬರು ಕೆಲವು ದಿನ ಜೊತೆಗೆ ನಡೆಯುತ್ತಾರೆ. ಅಲ್ಲಿಂದ ಪುಸ್ತಕದ ನಡಿಗೆಯೇ ಬದಲಾಗುತ್ತದೆ. ಬಯಲೆಂದು ಕಂಡದ್ದರಲ್ಲೆಲ್ಲ ನೀರಿನ ಗುರುತು, ಹಿರಿಯರ ಕತೆ ತುಂಬಿಕೊಳ್ಳುತ್ತದೆ.

ಮೂರನೆಯವರು ಚೆರಿಲ್ ಸ್ಟ್ರೇಡ್. ತಾಯಿಯನ್ನು ಕಳೆದುಕೊಂಡು, ಮದುವೆ ಮುರಿದುಕೊಂಡು, 1995ರಲ್ಲಿ 26ನೆಯ ವಯಸ್ಸಿನಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ ಸುಮಾರು 1,770 ಕಿಲೋಮೀಟರ್ ಒಬ್ಬರೇ ನಡೆದರು. 2012ರಲ್ಲಿ ಬಂದ 'ವೈಲ್ಡ್' ಅದರ ಕತೆ. ನಾನು ಕೊಟ್ಟ ಅಳತೆಗೋಲಿಗೆ ಇದು ಪೂರ್ತಿ ನಿಲ್ಲುವುದಿಲ್ಲ, ಇಲ್ಲಿ ದಾರಿಗಿಂತ ನಡೆಯುವವಳ ದುಃಖವೇ ದೊಡ್ಡದು. ಆದರೂ ಓದು. ಮನಸ್ಸು ಕುಸಿದಾಗ ದಿನವೂ ಹತ್ತಾರು ಮೈಲಿ ಹೆಜ್ಜೆ ಹಾಕುವುದು ಮನುಷ್ಯರನ್ನು ಹೇಗೆ ಎತ್ತಿ ನಿಲ್ಲಿಸಬಲ್ಲದು ಎಂದು ತಿಳಿಯಲು ಓದು. ಎತ್ತಲಾಗದಷ್ಟು ಭಾರ ತುಂಬಿಕೊಂಡು ಹೊರಟರೆ ಏನಾಗುತ್ತದೆ ಎಂದು ತಿಳಿಯಲೂ ಓದು. ಹೊರೆ ಇಳಿಸಲು ಅವರು ಓದಿ ಮುಗಿದ ಪುಟಗಳನ್ನು ಹರಿದು ಸುಡುತ್ತಾ ನಡೆದರು. ಕವಿತೆಯ ಒಂದು ಪುಸ್ತಕವನ್ನು ಮಾತ್ರ ಸುಡಲಿಲ್ಲ.

ಶಿಖರದ ಹುಚ್ಚಿಗೆ ಮದ್ದು ಎರಡು ಪುಸ್ತಕ. ಸ್ಕಾಟ್ಲೆಂಡಿನ ನ್ಯಾನ್ ಶೆಫರ್ಡ್ ಬದುಕಿನುದ್ದಕ್ಕೂ ತಮ್ಮ ಊರಿನ ಸಮೀಪದ ಕೇರ್ನ್‌ಗಾರ್ಮ್ಸ್ ಬೆಟ್ಟಗಳಲ್ಲೇ ನಡೆದವರು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬರೆದ 'ದಿ ಲಿವಿಂಗ್ ಮೌಂಟನ್' ಮೂವತ್ತು ವರ್ಷ ಡ್ರಾಯರಿನಲ್ಲೇ ಉಳಿದು 1977ರಲ್ಲಿ ಪ್ರಕಟವಾಯಿತು. ಮೊದಮೊದಲು ನೆತ್ತಿ ಮುಟ್ಟುವ ಆಸೆಯಿಂದ ಹತ್ತುತ್ತಿದ್ದವರು ಬರಬರುತ್ತ ಬೆಟ್ಟದ ಜೊತೆ ಸುಮ್ಮನೆ ಇರಲು ಹೋಗತೊಡಗಿದರು. ನೀರು, ಮಂಜು, ಬೆಳಕು, ಹಕ್ಕಿ, ನಿದ್ದೆ ಎಂದು ಒಂದೊಂದನ್ನೇ ಹಿಡಿದು ಬರೆಯುತ್ತಾ ಹೋಗುತ್ತಾರೆ. ಚಿಕ್ಕ ಪುಸ್ತಕ, ಆದರೆ ಒಂದೇ ಬೆಟ್ಟವನ್ನು ಮತ್ತೆ ಮತ್ತೆ ನೋಡುವ ಸುಖ ಅದರಿಂದ ತಿಳಿಯುತ್ತದೆ. ಈಗಾಗಲೇ ಹೋದ ಜಾಗಕ್ಕೆ ಮತ್ತೇಕೆ ಎಂದು ನಿನ್ನ ಗೆಳೆಯರು ಕೇಳುತ್ತಾರಲ್ಲ, ಅವರಿಗೆ ಇದನ್ನು ಉಡುಗೊರೆ ಕೊಡು.

ಇನ್ನೊಂದು ಪೀಟರ್ ಮ್ಯಾಥಿಸನ್ ಅವರ 'ದಿ ಸ್ನೋ ಲೆಪರ್ಡ್' (1978). 1973ರ ಶರತ್ಕಾಲದಲ್ಲಿ ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ಜೊತೆ ನೇಪಾಳದ ಡೋಲ್ಪೋ ಪ್ರದೇಶಕ್ಕೆ ನಡೆದರು. ಹಿಮಚಿರತೆ ಕಾಣುವ ಆಸೆ. ಕೊನೆಗೂ ಅವರಿಗೆ ಅದು ಕಾಣಲಿಲ್ಲ. ಇದನ್ನು ತೇಜಸ್ವಿಯವರ 'ಕರ್ವಾಲೊ' (1980) ಪಕ್ಕದಲ್ಲಿಟ್ಟು ಓದು. ಅಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ, ಮಂದಣ್ಣ, ಕರಿಯಪ್ಪ, ಪ್ರಭಾಕರ ಎಲ್ಲರ ಕಣ್ಣೆದುರೇ ಅದು ಕಣಿವೆಗೆ ತೇಲಿ ಹೋಗುತ್ತದೆ. ಒಬ್ಬರಿಗೆ ಕಾಣಲಿಲ್ಲ, ಇನ್ನೊಬ್ಬರಿಗೆ ಕಂಡೂ ಸಿಗಲಿಲ್ಲ. ಆದರೂ ಎರಡು ಪುಸ್ತಕದಲ್ಲೂ ಯಾರೂ ಬರಿಗೈಯಲ್ಲಿ ಮರಳಿದಂತೆ ಅನಿಸುವುದಿಲ್ಲ. ಮ್ಯಾಥಿಸನ್ ಅವರನ್ನು ಓದುವಾಗ ಇನ್ನೊಂದು ಸಂಗತಿಯನ್ನೂ ಗಮನಿಸು. ಹೆಂಡತಿ ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ, ಮನೆಯಲ್ಲಿ ಎಂಟು ವರ್ಷದ ಮಗನಿದ್ದ, ನವೆಂಬರಿನ ಹಬ್ಬದೊಳಗೆ ಬರುತ್ತೇನೆಂದು ಅವನಿಗೆ ಹೇಳಿ ಹೊರಟವರು ಮಾತು ಉಳಿಸಿಕೊಳ್ಳಲಿಲ್ಲ. ದೂರ ನಡೆಯುವವರ ನಡಿಗೆಗೆ ಮನೆಯಲ್ಲಿ ಕಾಯುವವರೂ ಬೆಲೆ ತೆರುತ್ತಾರೆ.

ಮೆಚ್ಚಿದ ಪುಸ್ತಕವನ್ನೂ ತೂಗಿ ನೋಡುವುದನ್ನು ಕಲಿಯಲು ಜಾನ್ ಮ್ಯೂರ್ ಅವರ 'ಎ ಥೌಸಂಡ್ ಮೈಲ್ ವಾಕ್ ಟು ದಿ ಗಲ್ಫ್' ಓದು. 1867ರಲ್ಲಿ ಅಮೆರಿಕದ ಕೆಂಟಕಿಯಿಂದ ಫ್ಲಾರಿಡಾದ ಕಡಲಿನವರೆಗೆ ಗಿಡ ಸಂಗ್ರಹಿಸುತ್ತಾ ನಡೆದು, ಕೊನೆಗೆ ಮಲೇರಿಯಾ ಬಂದು ಮಲಗಿದರು. ಅವರು ತೀರಿಕೊಂಡ ಮೇಲೆ 1916ರಲ್ಲಿ ಆ ದಿನಚರಿ ಪುಸ್ತಕವಾಯಿತು. ಒಂದು ಜರೀಗಿಡ, ಒಂದು ಪಾಮ್ ಮರ ಕಂಡರೆ ಅವರ ಬರಹ ಕುಣಿಯುತ್ತದೆ. ಆದರೆ ಅಂತರ್ಯುದ್ಧ ಮುಗಿದು ಎರಡೇ ವರ್ಷ. ಜೀತದಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನರ ನಡುವೆ ಹಾದುಹೋಗುವಾಗ ಆ ಕಣ್ಣಿಗೆ ಅಷ್ಟೇ ಕರುಣೆ ಇಲ್ಲ, ಹೀನಾಯದ ಮಾತುಗಳಿವೆ. ಗಿಡವನ್ನು ಅಷ್ಟು ಪ್ರೀತಿಸಿದವರು ಮನುಷ್ಯರನ್ನು ಕಾಣದೆ ಹೋದರು. ಇರಾವತಿಯವರ ಬರಹ ಓದಿದ ಬೆನ್ನಿಗೆ ಇದನ್ನು ಓದಿದರೆ ಆ ಕೊರತೆ ನಿನಗೇ ಕಾಣುತ್ತದೆ.

ಜನರನ್ನು ನಂಬಿ ನಡೆಯುವುದಕ್ಕೆ ಸತೀಶ್ ಕುಮಾರ್ ಅವರ 'ನೋ ಡೆಸ್ಟಿನೇಷನ್' ಓದು. ಇದರ ಬೀಜ ಬಿದ್ದದ್ದು ನೀನಿರುವ ಬೆಂಗಳೂರಿನಲ್ಲೇ. 1961ರಲ್ಲಿ, ತೊಂಬತ್ತರ ಹತ್ತಿರ ವಯಸ್ಸಾಗಿದ್ದ ಬರ್ಟ್ರಂಡ್ ರಸೆಲ್ ಅಣ್ವಸ್ತ್ರದ ವಿರುದ್ಧ ನಿಂತು ಜೈಲಿಗೆ ಹೋದ ಸುದ್ದಿಯನ್ನು ಅಲ್ಲಿನ ಹೋಟೆಲಿನಲ್ಲಿ ಕೂತು ಓದಿದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಮರುವರ್ಷ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟರು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್. ಕಡಲಿದ್ದಲ್ಲಿ ಹಡಗು, ಉಳಿದದ್ದೆಲ್ಲ ಹೆಚ್ಚಾಗಿ ನಡಿಗೆ. ಕೈಯಲ್ಲಿ ಒಂದು ಪೈಸೆಯೂ ಇಟ್ಟುಕೊಳ್ಳಬೇಡಿ ಎಂದು ವಿನೋಬಾ ಹೇಳಿದ್ದರು, ಇವರು ಹಾಗೆಯೇ ನಡೆದರು. ಸೋವಿಯತ್ ನಾಡಿನಲ್ಲಿ ಚಹಾ ಕಾರ್ಖಾನೆಯ ಹೆಂಗಸರು ನಾಲ್ಕು ಅಣ್ವಸ್ತ್ರ ದೇಶಗಳ ನಾಯಕರಿಗೆ ತಲುಪಿಸಿ ಎಂದು ನಾಲ್ಕು ಪೊಟ್ಟಣ ಚಹಾ ಕೊಟ್ಟು ಕಳಿಸಿದ ಪ್ರಸಂಗ ಓದಿದರೆ ಮರೆಯಲಾಗುವುದಿಲ್ಲ. ನೀನು ದುಡ್ಡಿಲ್ಲದೆ ಹೋಗು ಎನ್ನುತ್ತಿಲ್ಲ. ನೀರು ಕೇಳಲು, ದಾರಿ ಕೇಳಲು, ಕೊಟ್ಟದ್ದನ್ನು ತೆಗೆದುಕೊಳ್ಳಲು ಸಂಕೋಚ ಬಿಡು ಎನ್ನುತ್ತೇನೆ.

ಇನ್ನು ಪುಸ್ತಕವಲ್ಲದ ಓದು. ಮೊದಲು ನಕ್ಷೆ ಓದಲು ಕಲಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ನಿಧಾನದ ಇಳಿಜಾರು. ಊರಿನ ಬಾವಿ, ಗುಡಿ, ಕಾಲುದಾರಿ ಎಲ್ಲಕ್ಕೂ ಗುರುತಿದೆ. ಫೋನಿನ ಬ್ಯಾಟರಿ ತೀರಿದ ಮೇಲೂ ಕಾಗದದ ನಕ್ಷೆ ಉಳಿಯುತ್ತದೆ. ಸಾಮಾನು ಹೊಂದಿಸುವುದಕ್ಕೆ, ಬಿಡಾರ ಹೂಡುವುದಕ್ಕೆ ಕಾಲಿನ್ ಫ್ಲೆಚರ್ ಅವರ 'ದಿ ಕಂಪ್ಲೀಟ್ ವಾಕರ್' (1968) ಹಳೆಯದಾದರೂ ವಿವೇಕದ ಪುಸ್ತಕ. ಆದರೆ ಹೊರದೇಶದ ಯಾವ ಪುಸ್ತಕವೂ ನಮ್ಮ ಇಂಬಳದ ಬಗ್ಗೆ, ಉಣುಗಿನ ಬಗ್ಗೆ ಹೇಳುವುದಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದು ಹೆಚ್ಚು. ಆ ತಿಂಗಳುಗಳಲ್ಲಿ ಮಲೆನಾಡಿನ ಕಾಡು ಹೊಗುವುದಾದರೆ ಮೊದಲು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸು, ಸತ್ತ ಮಂಗ ಬಿದ್ದಿದ್ದ ಕಡೆಗೆ ಹೋಗಬೇಡ, ತರಗೆಲೆಯ ಮೇಲೆ ಕೂರಬೇಡ, ಸಂಜೆ ಮೈಯೆಲ್ಲ ನೋಡಿಕೋ. ಇಂಥ ತಿಳಿವಳಿಕೆ ಸಿಗುವುದು ಊರಿನ ಜನರ ಬಾಯಲ್ಲಿ, ಆದ್ದರಿಂದ ಅವರ ಮಾತನ್ನೂ ಓದಿನಷ್ಟೇ ಗಮನವಿಟ್ಟು ಕೇಳು.

ಕೊನೆಯ ಪುಸ್ತಕ ಜಪಾನಿನ ಬಾಶೋ ಕವಿಯದು. 1689ರಲ್ಲಿ ತನ್ನ ಗುಡಿಸಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಶಿಷ್ಯ ಸೋರಾನ ಜೊತೆ ಉತ್ತರದ ಕಡೆಗೆ ಸುಮಾರು 2,400 ಕಿಲೋಮೀಟರ್ ಸುತ್ತಿ ಬಂದ. ಆ ಪ್ರವಾಸದ 'ಓಕು ನೊ ಹೊಸೊಮಿಚಿ'ಯನ್ನು ವರ್ಷಗಟ್ಟಲೆ ತಿದ್ದಿದ. ಅದು ಪ್ರಕಟವಾದದ್ದು ಅವನು ತೀರಿಕೊಂಡ ಮೇಲೆ, 1702ರಲ್ಲಿ. ಸೋರಾ ಸಹ ದಾರಿಯಲ್ಲಿ ದಿನಚರಿ ಇಟ್ಟಿದ್ದ. 1943ರಲ್ಲಿ ಅದು ಪ್ರಕಟವಾದಾಗ ಬಾಶೋ ಎಷ್ಟೋ ಕಡೆ ದಿನ, ಘಟನೆಗಳನ್ನು ಬದಲಿಸಿ ಬರೆದದ್ದು ಗೊತ್ತಾಯಿತು. ಇಬ್ಬರಿಂದಲೂ ಕಲಿಯುವುದಿದೆ. ಹಾದಿಯಲ್ಲಿರುವಾಗ ನೀನು ಸೋರಾನಂತೆ ಬರೆ: ತಾರೀಖು, ಹವೆ, ಎಲ್ಲಿ ನೀರು, ಎಲ್ಲಿ ತಂಗು, ಯಾರು ಏನು ಹೇಳಿದರು. ಅನಿಸಿಕೆ ಬರೆಯುವ ಆತುರ ಬೇಡ. ಬಾಶೋನಂತೆ ಬರೆಯುವುದು ಮನೆಗೆ ಬಂದು ವರ್ಷಗಳಾದ ಮೇಲೆ ಬೇಕೆನಿಸಿದರೆ ನೋಡಿಕೊಳ್ಳಬಹುದು. ಸೋರಾನ ಪುಸ್ತಕವಿಲ್ಲದಿದ್ದರೆ ನೆನಪು ತನಗೆ ಬೇಕಾದಂತೆ ಕತೆ ಕಟ್ಟಿಕೊಳ್ಳುತ್ತದೆ, ಆಗ ನಡೆದವಳು ಮತ್ತೆ ದೊಡ್ಡವಳಾಗಿಬಿಡುತ್ತಾಳೆ.

ಜೊತೆಗೆ ಒಯ್ಯಲು ಒಂದೇ ಪುಸ್ತಕ ಸಾಕು, ಅದೂ ತೆಳ್ಳಗಿನದು. ಕಾದಂಬರಿ ಒಮ್ಮೆ ಓದಿದರೆ ಮುಗಿಯುತ್ತದೆ. ವಚನವಾದರೆ ಒಂದನ್ನು ಬೆಳಿಗ್ಗೆ ಓದಿ ಸಂಜೆಯವರೆಗೆ ನಡೆಯಬಹುದು. ಅಕ್ಕಮಹಾದೇವಿಯ ವಚನಗಳ ಪುಟ್ಟ ಸಂಗ್ರಹ ಇಟ್ಟುಕೋ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದವಳ ಮಾತು ನಡೆಯುವವಳಿಗೆ ಒಗ್ಗುತ್ತದೆ.

ಇದನ್ನೆಲ್ಲ ಓದಿ ಮುಗಿಸಿಯೇ ಹೊರಡಬೇಕೆಂದು ಕಾಯಬೇಡ. ಈ ವಾರ 'ಬೆಟ್ಟದ ಜೀವ' ಹಿಡಿ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಊರಾಚೆಯ ಯಾವುದಾದರೂ ಕೆರೆಯ ಬಳಿ ಇಳಿ, ಅಲ್ಲಿಂದ ಮುಂದಿನ ಹಳ್ಳಿಗೆ ನಡೆದು ಹೋಗಿ ಬಾ. ಮುಂದಿನ ವರ್ಷದ ದೊಡ್ಡ ನಡಿಗೆಯಿಂದ ಬಂದಾಗ ಎಷ್ಟು ಕಿಲೋಮೀಟರ್ ಆಯಿತೆಂದು ನಾನು ಕೇಳುವುದಿಲ್ಲ. ಬಾಯಾರಿದಾಗ ನೀರು ಕೊಟ್ಟವರ ಹೆಸರೇನು, ಅವರ ಹಿತ್ತಿಲಲ್ಲಿ ಯಾವ ಮರವಿತ್ತು, ಆ ಊರಿಗೆ ಈ ಸಲ ಮಳೆ ಸಾಕಾಯಿತಂತೆಯೇ, ಅಲ್ಲಿನ ಮಕ್ಕಳು ಶಾಲೆಗೆ ಎಷ್ಟು ದೂರ ನಡೆಯುತ್ತಾರೆ ಎಂದು ಕೇಳುತ್ತೇನೆ. ಉತ್ತರ ಹೇಳುವಷ್ಟು ನೋಡಿಕೊಂಡು ಬಾ.

ನಿನ್ನ ದೊಡ್ಡಮ್ಮ